ಮಿಚಿತ್ಸುನನ ತಾಯಿ ಬರೆದ ಡೈರಿ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ನೀನು ಬಿ.ಇ. ಮಾಡಿದವನು, ಕಂಪ್ಯೂಟರ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡು" ಎಂದಿದ್ದರು. ಕಂಪ್ಯೂಟರ್ ಬಗ್ಗೆ ನನಗಿಂತ ಹೆಚ್ಚು ಈಗ ಒಂಬತ್ತನೇ ತರಗತಿಯ ಮಕ್ಕಳಿಗೇ ಗೊತ್ತಿದೆ. "ಸರ್, ಜಪಾನಿನ ಹೆಂಗಸರು ಸಾವಿರ ವರ್ಷದ ಹಿಂದೆ ಬರೆದ ಡೈರಿಗಳ ಬಗ್ಗೆ ಮಾತಾಡಲಾ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಲಿನ ಡೈರಿಯಾ?" ಎಂದರು. ತಪ್ಪು ಅವರದಲ್ಲ. ನಮ್ಮೂರಿನಲ್ಲಿ ಡೈರಿ ಎಂದರೆ ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡಿದು ಹೋಗುವ ಜಾಗ. ಆ ಡೈರಿಯೂ ನನ್ನ ಮಾತಿನ ನಡುವೆ ಒಮ್ಮೆ ಬರುತ್ತದೆ.

ಈ ವಿಷಯ ನನಗೆ ಸಿಕ್ಕಿದ್ದು ಅಕಸ್ಮಾತ್ತಾಗಿ. ಕೆಲಸದ ಮೇಲೆ ಕೆಲವು ತಿಂಗಳು ಓಸಾಕಾದಲ್ಲಿದ್ದೆ. ರಜೆಯ ದಿನಗಳಲ್ಲಿ ರೈಲು ಹತ್ತಿ ಹತ್ತಿರದ ಕ್ಯೋಟೋಗೆ ಹೋಗುತ್ತಿದ್ದೆ. ಒಮ್ಮೆ ಮಳೆ ಬಂತೆಂದು ಅಲ್ಲಿಯ ಒಂದು ಪುಸ್ತಕದ ಅಂಗಡಿಗೆ ನುಗ್ಗಿದೆ. ಮಳೆ ನಿಲ್ಲುವ ತನಕ ಏನಾದರೂ ಓದೋಣ ಎಂದು ಇಂಗ್ಲಿಷಿನಲ್ಲಿದ್ದ ಒಂದು ತೆಳ್ಳನೆಯ ಪುಸ್ತಕ ತೆಗೆದೆ. ಮಳೆ ನಿಂತ ಮೇಲೂ ಅಲ್ಲೇ ನಿಂತು ಓದುತ್ತಿದ್ದೆ. ಅಂಗಡಿಯವರು ಏನೂ ಹೇಳಲಿಲ್ಲ, ನನಗೇ ನಾಚಿಕೆಯಾಗಿ ಕೊಂಡುಕೊಂಡೆ.

ಪುಸ್ತಕದ ಹೆಸರು 'ಕಾಗೆರೋ ನಿಕ್ಕಿ'. ನಿಕ್ಕಿ ಎಂದರೆ ದಿನಚರಿ. ಕಾಗೆರೋ ಎಂಬುದಕ್ಕೆ ಜಪಾನಿಯಲ್ಲಿ ಎರಡು ಮೂರು ಅರ್ಥವಿದೆ. ಒಂದೇ ದಿನ ಬದುಕುವ ಹುಳ ಎನ್ನುತ್ತಾರೆ, ಗಾಳಿಯಲ್ಲಿ ತೇಲುವ ಜೇಡನ ಎಳೆ ಎನ್ನುತ್ತಾರೆ, ಬೇಸಿಗೆಯಲ್ಲಿ ನೆಲದ ಮೇಲೆ ನಡುಗುವ ಬಿಸಿಲಿನ ಝಳ ಎಂದೂ ಹೇಳುತ್ತಾರೆ. ಇಂಗ್ಲಿಷಿನವರು ಈ ಹೆಸರನ್ನು ಅನುವಾದಿಸಲು ಬಹಳ ಕಷ್ಟಪಟ್ಟಿದ್ದಾರೆ. ನಮಗೆ ಕಷ್ಟವಿಲ್ಲ. ನಮ್ಮಲ್ಲಿ ಬಿಸಿಲುಗುದುರೆ ಎಂಬ ಮಾತೇ ಇದೆ. ಇದೆಯೋ ಇಲ್ಲವೋ ತಿಳಿಯದ ಈ ನನ್ನ ಬಾಳು ಎಂಬ ಅರ್ಥದಲ್ಲಿ ಬರೆದವಳೇ ಇಟ್ಟ ಹೆಸರು ಅದು.

ಆ ದಿನಚರಿ 954ನೇ ಇಸವಿಯಲ್ಲಿ ಶುರುವಾಗಿ 974ರ ಕೊನೆಯ ರಾತ್ರಿಗೆ ಮುಗಿಯುತ್ತದೆ. ನಮ್ಮ ಶಾಲೆ ಶುರುವಾದದ್ದು 1974ರಲ್ಲಿ. ಸರಿಯಾಗಿ ಸಾವಿರ ವರ್ಷದ ಅಂತರ. ಇದರಲ್ಲಿ ಅರ್ಥವೇನೂ ಇಲ್ಲ, ಲೆಕ್ಕ ಹಾಕುವುದು ನನ್ನ ಕಸುಬು, ಅದಕ್ಕೆ ಹೇಳಿದೆ.

ಇನ್ನು ಬರೆದವಳ ಹೆಸರು. ಅದು ಯಾರಿಗೂ ಗೊತ್ತಿಲ್ಲ. ಅವಳ ತಂದೆಯ ಹೆಸರು ಗೊತ್ತು, ಗಂಡನ ಹೆಸರು ಗೊತ್ತು, ಮಗನ ಹೆಸರು ಮಿಚಿತ್ಸುನ ಎಂದು ಗೊತ್ತು. ಹಾಗಾಗಿ ಸಾವಿರ ವರ್ಷದಿಂದ ಅವಳನ್ನು 'ಮಿಚಿತ್ಸುನನ ತಾಯಿ' ಎಂದೇ ಕರೆಯುತ್ತಾರೆ. ನೀವು ನಗುತ್ತಿದ್ದೀರಿ, ಏಕೆಂದರೆ ಈ ಶಾಮಿಯಾನದಲ್ಲಿರುವ ಅರ್ಧ ಹೆಂಗಸರನ್ನು ಊರಿನವರು ಕರೆಯುವುದೂ ಹಾಗೆಯೇ. ನನ್ನ ಅಮ್ಮನ ನಿಜವಾದ ಹೆಸರು ನನ್ನ ಎಷ್ಟೋ ಗೆಳೆಯರಿಗೆ ಇವತ್ತಿಗೂ ಗೊತ್ತಿಲ್ಲ.

ಮೊದಲು ಅಲ್ಲಿಯ ಮದುವೆಯ ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಗ ಜಪಾನಿನ ರಾಜಧಾನಿ ಹೇಯಾನ್, ಅಂದರೆ ಇವತ್ತಿನ ಕ್ಯೋಟೋ. 794ರಲ್ಲಿ ಕಟ್ಟಿದ ಊರು. ಅಲ್ಲಿಯ ದೊಡ್ಡ ಮನೆತನಗಳಲ್ಲಿ ಮದುವೆಯಾದ ಹೆಣ್ಣು ಗಂಡನ ಮನೆಗೆ ಹೋಗುತ್ತಿರಲಿಲ್ಲ. ಅವಳು ತೌರಿನಲ್ಲಿಯೇ ಇರುತ್ತಿದ್ದಳು, ಗಂಡನೇ ಕತ್ತಲಾದ ಮೇಲೆ ಬಂದು ಬೆಳಕಾಗುವ ಮೊದಲು ಹೊರಡುತ್ತಿದ್ದ. ಕೆಲವು ದಂಪತಿಗಳು ವರ್ಷಗಳು ಕಳೆದ ಮೇಲೆ ಒಂದೇ ಮನೆಯಲ್ಲಿ ಇರತೊಡಗುತ್ತಿದ್ದರು, ಕೆಲವರಿಗೆ ಕೊನೆಯವರೆಗೂ ಹೋಗಿಬರುವುದೇ.

ಮೊದಲು ಪತ್ರ ಬರುತ್ತದೆ, ಪತ್ರದಲ್ಲಿ ಐದು ಸಾಲಿನ ಒಂದು ಕವಿತೆ. ಹೆಣ್ಣಿನ ಕಡೆಯವರು ಅಕ್ಷರ ನೋಡುತ್ತಾರೆ, ಕಾಗದ ನೋಡುತ್ತಾರೆ, ಕವಿತೆ ನೋಡುತ್ತಾರೆ. ಗಂಡು ಹೆಣ್ಣಿನ ಮುಖ ನೋಡಿರುವುದಿಲ್ಲ. ಎಲ್ಲ ಒಪ್ಪಿಗೆಯಾದರೆ ಅವನು ಸತತವಾಗಿ ಮೂರು ರಾತ್ರಿ ಬರಬೇಕು. ಮೊದಲ ರಾತ್ರಿಯ ಮಾರನೆಯ ಬೆಳಿಗ್ಗೆ ಮನೆಗೆ ಮುಟ್ಟಿದ ಕೂಡಲೇ ಪತ್ರ ಕಳಿಸಬೇಕು. ಎಷ್ಟು ಬೇಗ ಬಂತು ಎಂಬುದರ ಮೇಲೆ ಅವನ ಪ್ರೀತಿಯ ಅಳತೆ. ಮೂರನೆಯ ರಾತ್ರಿ ಹೆಣ್ಣಿನ ಮನೆಯವರು ಅಕ್ಕಿಯ ಪುಟ್ಟ ಉಂಡೆಗಳನ್ನು ಮಾಡಿ ಇಬ್ಬರಿಗೂ ಕೊಡುತ್ತಾರೆ. ಅದನ್ನು ತಿಂದರೆ ಮದುವೆಯಾಯಿತು. ಆಮೇಲೆ ಬಂಧುಗಳಿಗೆ ಊಟ ಹಾಕಿ ಅಳಿಯನನ್ನು ತೋರಿಸುತ್ತಾರೆ. ಇನ್ನೊಂದು ತಮಾಷೆಯ ಪದ್ಧತಿ ಇತ್ತು. ಅಳಿಯ ಕಳಚಿಟ್ಟ ಪಾದರಕ್ಷೆಯನ್ನು ಅತ್ತೆ ಮಾವ ತಬ್ಬಿಕೊಂಡು ಮಲಗುತ್ತಿದ್ದರಂತೆ, ಅವನ ಕಾಲು ಈ ಮನೆಯಲ್ಲೇ ನಿಲ್ಲಲಿ ಎಂದು. ಚಪ್ಪಲಿ ಅಡಗಿಸುವ ನಾದಿನಿಯರನ್ನು ನಾವು ನೋಡಿದ್ದೇವೆ, ತಬ್ಬಿಕೊಂಡು ಮಲಗುವ ಮಾವನನ್ನು ನೋಡಿಲ್ಲ.

ಬಿಡುಗಡೆ ಇದಕ್ಕಿಂತ ಸರಳ. ಅವನು ಬರುವುದನ್ನು ನಿಲ್ಲಿಸುತ್ತಾನೆ, ಅಷ್ಟೇ. ಪಂಚಾಯಿತಿ ಇಲ್ಲ, ಪತ್ರ ಇಲ್ಲ. ಇವತ್ತು ಬರಲಿಲ್ಲ, ನಾಳೆ ಬರಬಹುದು. ಎಷ್ಟನೆಯ ದಿನಕ್ಕೆ ಮದುವೆ ಮುಗಿಯಿತು ಎಂದು ಹೇಳುವವರು ಯಾರೂ ಇಲ್ಲ. ಗಂಡನಿಗೆ ಒಂದಕ್ಕಿಂತ ಹೆಚ್ಚು ಹೆಂಡತಿಯರಿರುವುದು ಸಾಮಾನ್ಯವಾಗಿತ್ತು, ಆದ್ದರಿಂದ ಬಾರದ ರಾತ್ರಿ ಅವನು ಎಲ್ಲಿದ್ದಾನೆ ಎಂದು ಊಹಿಸುವುದೂ ಕಷ್ಟವಿರಲಿಲ್ಲ.

ಹಿರಿಯರಲ್ಲಿ ಕೆಲವರಿಗೆ ಇದು ನಮ್ಮ ಕರಾವಳಿಯ ಅಳಿಯಸಂತಾನದ ಹಾಗೆ ಕೇಳಿಸುತ್ತಿರಬಹುದು. ಓದುವಾಗ ನನಗೂ ಹಾಗೆಯೇ ಅನಿಸಿತ್ತು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅಳಿಯಸಂತಾನದಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಅವರಿಗೆ ಸೋದರಮಾವನೇ ಯಜಮಾನ. ಅಲ್ಲಿ ಹಾಗಲ್ಲ. ಮಕ್ಕಳು ಹುಟ್ಟಿ ಬೆಳೆಯುವುದು ತಾಯಿಯ ಮನೆಯಲ್ಲಿ, ಮನೆ ಎಷ್ಟೋ ಸಲ ಮಗಳಿಗೇ ಬರುತ್ತದೆ, ಆದರೆ ಕುಲ, ಪದವಿ, ದರಬಾರಿನ ಸ್ಥಾನ ಎಲ್ಲವೂ ತಂದೆಯಿಂದ. ಆದ್ದರಿಂದ ಬಾರದ ಗಂಡನನ್ನು ಸುಮ್ಮನೆ ಮರೆತುಬಿಡುವ ಹಾಗೂ ಇರಲಿಲ್ಲ.

ಮೊದಲ ಓದಿನಲ್ಲಿ ನಾನು ಮೋಸಹೋದೆ. ಹೆಣ್ಣಿಗೆ ತನ್ನದೇ ಮನೆ, ಅತ್ತೆಯ ಕಾಟವಿಲ್ಲ, ಆಸ್ತಿ ಇದೆ, ಓದು ಬರಹ ಇದೆ. ಸಾವಿರ ವರ್ಷದ ಹಿಂದೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಪದ್ಧತಿಯನ್ನು ಹೊರಗಿನಿಂದ ನೋಡಿದರೆ ಹಾಗೆಯೇ ಕಾಣುತ್ತದೆ. ಒಳಗಿನಿಂದ ಹೇಗಿತ್ತು ಎಂದು ಹೇಳುವುದು ಈ ಡೈರಿ.

ಇವಳ ತಂದೆ ಮಧ್ಯಮ ದರ್ಜೆಯ ಅಧಿಕಾರಿ, ದೂರದ ಪ್ರಾಂತಗಳಿಗೆ ಗವರ್ನರ್ ಆಗಿ ಹೋಗುವವನು. ಕೇಳಿಕೊಂಡು ಬಂದ ಗಂಡು ಫುಜಿವಾರ ಮನೆತನದ ಕಾನೆಯಿಏ. ದೇಶವನ್ನೇ ಆಳುತ್ತಿದ್ದ ಮನೆತನ. ಅವನು ಪತ್ರ ಕಳಿಸಿದ್ದು ಕುದುರೆ ಸವಾರನ ಕೈಯಲ್ಲಿ, ಬಾಗಿಲು ಬಡಿಸಿ. ಇವಳು ನೋಡಿದಳು: ಕಾಗದ ಇಂಥ ಪತ್ರಕ್ಕೆ ತಕ್ಕದ್ದಲ್ಲ, ಅಕ್ಷರವೂ ಚೆನ್ನಾಗಿಲ್ಲ, ಅವನೇ ಬರೆದದ್ದು ಹೌದೋ ಅಲ್ಲವೋ ಎಂದು ಸಂಶಯ. ತಾಯಿ ಹಳೆಯ ಕಾಲದವಳು, ಉತ್ತರ ಬರೆಯಲೇಬೇಕು ಎಂದಳು. ಆ ಶರತ್ಕಾಲದಲ್ಲಿ ಮದುವೆಯಾಯಿತು. ಅವಳಿಗೆ ಆಗ ಸುಮಾರು ಇಪ್ಪತ್ತು ವರ್ಷ. ಅವನಿಗೆ ಆಗಲೇ ಒಬ್ಬ ಹೆಂಡತಿ ಇದ್ದಳು, ತೊಕಿಹಿಮೆ ಎಂದು.

ಅದೇ ವರ್ಷ ಅವಳ ತಂದೆಗೆ ಉತ್ತರದ ಮುತ್ಸು ಪ್ರಾಂತಕ್ಕೆ ವರ್ಗವಾಯಿತು. ಹೊರಡುವಾಗ ಆ ಮನುಷ್ಯನಿಗೆ ಮಾತಾಡಲು ಆಗಲಿಲ್ಲ. ಮಗಳನ್ನು ನಿನ್ನ ಕೈಗೆ ಬಿಟ್ಟು ಹೋಗುತ್ತಿದ್ದೇನೆ ಎಂಬ ಅರ್ಥದ ಒಂದು ಕವಿತೆ ಬರೆದು, ಅಳಿಯನ ಕಣ್ಣಿಗೆ ಬೀಳಲಿ ಎಂದು ಮಸಿಪೆಟ್ಟಿಗೆಯಲ್ಲಿ ಇಟ್ಟು ಹೋದ. ಹೆಣ್ಣುಮಕ್ಕಳಿರುವ ತಂದೆಯರು ಇಲ್ಲಿ ಬಹಳ ಜನ ಇದ್ದೀರಿ, ಹೆಚ್ಚು ವಿವರಿಸಬೇಕಾಗಿಲ್ಲ.

ಮರುವರ್ಷ, 955ರಲ್ಲಿ, ಮಿಚಿತ್ಸುನ ಹುಟ್ಟಿದ. ಹುಟ್ಟಿ ತಿಂಗಳಾಗಿರಬಹುದು, ಒಂದು ಬೆಳಿಗ್ಗೆ ಗಂಡ ಹೋದ ಮೇಲೆ ಅವಳು ಪತ್ರದ ಪೆಟ್ಟಿಗೆ ತೆರೆದರೆ ಅದರಲ್ಲಿ ಬೇರೊಬ್ಬ ಹೆಂಗಸಿಗೆ ಅವನು ಬರೆದ ಪತ್ರ. ಅವಳು ಕೂಗಾಡಲಿಲ್ಲ, ಹರಿಯಲೂ ಇಲ್ಲ. ನಾನು ನೋಡಿದ್ದೇನೆ ಎಂದು ತಿಳಿಯಲಿ ಎಂದು ಅದೇ ಪತ್ರದ ಅಂಚಿನಲ್ಲಿ ತನ್ನ ಕವಿತೆ ಬರೆದು ಇಟ್ಟಳು.

ಅದಾದ ಮೇಲೆ ಅವನು ಸತತವಾಗಿ ಮೂರು ರಾತ್ರಿ ಬರಲಿಲ್ಲ. ಡೈರಿಯಲ್ಲಿ ಇದು ಒಂದೇ ವಾಕ್ಯ. ಮೊದಲು ಓದಿದಾಗ ನಾನು ಅದನ್ನು ದಾಟಿ ಹೋಗಿದ್ದೆ. ಎರಡನೆಯ ಸಲ ಓದುವಾಗ ಹೊಳೆಯಿತು. ಮೂರು ರಾತ್ರಿ ಬರಲಿಲ್ಲ ಎಂದರೆ ಆ ಮೂರು ರಾತ್ರಿ ಬೇರೆ ಒಂದು ಮನೆಯಲ್ಲಿ ಪೂರ್ತಿಯಾಯಿತು ಎಂದು ಅರ್ಥ. ಅಲ್ಲಿ ಯಾರೋ ಅಕ್ಕಿಯುಂಡೆ ಮಾಡಿದರು. ತನ್ನ ಗಂಡನ ಮದುವೆಯನ್ನು ಅವಳು ಹೀಗೆ, ಬಾರದ ರಾತ್ರಿಗಳನ್ನು ಎಣಿಸಿ ತಿಳಿದುಕೊಂಡಳು. ಓದುವವರಿಗೆ ಪದ್ಧತಿ ಗೊತ್ತಿದ್ದದ್ದರಿಂದ ಅವಳಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ಮತ್ತೆ ಒಂದು ಸಂಜೆ ಬಂದ, ಅರಮನೆಯಲ್ಲಿ ತುರ್ತು ಕೆಲಸ ಎಂದು ಹೊರಟ. ಅವಳು ಆಳನ್ನು ಹಿಂದೆ ಕಳಿಸಿದಳು. ಗಾಡಿ ಮಾಚಿ ಬೀದಿಯ ಒಂದು ಮನೆಯ ಮುಂದೆ ನಿಂತಿತು ಎಂದು ಆಳು ಬಂದು ಹೇಳಿದ. ಎರಡು ಮೂರು ದಿನ ಕಳೆದು, ಬೆಳಗಿನ ಜಾವಕ್ಕೆ ಮೊದಲು ಬಾಗಿಲು ಬಡಿದ ಸದ್ದಾಯಿತು. ಅವನೇ ಎಂದು ಅವಳಿಗೆ ಗೊತ್ತು. ತೆರೆಯಲಿಲ್ಲ. ಅವನು ಸ್ವಲ್ಪ ಹೊತ್ತು ಬಡಿದು ಮಾಚಿ ಬೀದಿಗೆ ಹೋದ. ಬೆಳಿಗ್ಗೆ ಅವಳು ಒಂದು ಕವಿತೆ ಬರೆದಳು, ಕಾಯುವವಳ ರಾತ್ರಿಯ ಉದ್ದದ ಬಗ್ಗೆ. ಬಣ್ಣ ಮಾಸಿದ ಒಂದು ಸೇವಂತಿಗೆಯನ್ನು ಜೊತೆಗೆ ಇಟ್ಟು ಕಳಿಸಿದಳು. ಅವನ ಉತ್ತರವೂ ಬಂತು. ತೆರೆಯುವ ತನಕ ನಿಲ್ಲಬೇಕೆಂದಿದ್ದೆ, ಅಷ್ಟರಲ್ಲಿ ತುರ್ತು ಕರೆ ಬಂತು ಎಂದು. ಇದಕ್ಕೆ ನನ್ನ ಟಿಪ್ಪಣಿ ಏನೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಆಫೀಸಿನಿಂದ ಕಾಲ್ ಬಂತು ಎಂದು ಹೇಳುವ ಗಂಡಸರ ಗುಂಪಿಗೆ ನಾನೂ ಸೇರಿದವನು.

ಅವಳು ಒಳ್ಳೆಯವಳಾಗಿ ಕಾಣಬೇಕೆಂದು ಬರೆದಿಲ್ಲ. ಈ ಕಾರಣಕ್ಕೇ ನನಗೆ ಈ ಡೈರಿಯ ಮೇಲೆ ನಂಬಿಕೆ. ಮಾಚಿ ಬೀದಿಯವಳಿಗೂ ಒಂದು ಮಗು ಹುಟ್ಟಿತು, ಆಮೇಲೆ ತೀರಿಕೊಂಡಿತು, ಕಾನೆಯಿಏ ಅವಳನ್ನೂ ಬಿಟ್ಟ. ಆಗ ಈಕೆ, ನಾನು ಪಟ್ಟ ಸಂಕಟ ಈಗ ಅವಳೂ ಪಡುತ್ತಿದ್ದಾಳೆ, ಎದೆ ಹಗುರಾಯಿತು ಎಂಬಂತೆ ಬರೆಯುತ್ತಾಳೆ. ಓದುವಾಗ ಮೈ ಜುಂ ಎನ್ನುತ್ತದೆ. ಆದರೆ ಅದೇ ದಿನಗಳಲ್ಲಿ ಇವಳೇ ಮೊದಲ ಹೆಂಡತಿ ತೊಕಿಹಿಮೆಗೆ, ನಿಮ್ಮಲ್ಲಿಗೂ ಅವರು ಬರುತ್ತಿಲ್ಲವಂತೆ ಎಂದು ಕವಿತೆ ಬರೆದು ಕಳಿಸಿದ್ದಳು, ತೊಕಿಹಿಮೆಯಿಂದ ಉತ್ತರವೂ ಬಂದಿತ್ತು. ಸವತಿಯರು ಎಂದರೆ ಜುಟ್ಟು ಹಿಡಿಯುವವರು ಎಂದು ನಾವು ಸಿನೆಮಾ ನೋಡಿ ತಿಳಿದಿದ್ದೇವೆ.

ಮಗು ಮಾತು ಕಲಿಯುವ ಭಾಗಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಕಾನೆಯಿಏ ಪ್ರತಿ ಸಲ ಹೊರಡುವಾಗ 'ಈಗ ಬರುತ್ತೇನೆ' ಎನ್ನುತ್ತಿದ್ದ. ಮಗು ಅದನ್ನೇ ಕಲಿತು, ಮನೆ ತುಂಬ 'ಈಗ ಬರುತ್ತೇನೆ, ಈಗ ಬರುತ್ತೇನೆ' ಎಂದು ತೊದಲುತ್ತ ಓಡಾಡುತ್ತಿತ್ತು ಎಂದು ಅವಳು ಬರೆಯುತ್ತಾಳೆ.

ನಮ್ಮ ಅಪ್ಪಯ್ಯ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು. ಈ ಊರಿನ ಎಷ್ಟೋ ಮನೆಗಳ ಕಥೆ ಅದೇ. ಮೇ ತಿಂಗಳಲ್ಲಿ ಒಮ್ಮೆ, ಕೆಲವು ವರ್ಷ ದೀಪಾವಳಿಗೆ ಒಮ್ಮೆ ಬರುತ್ತಿದ್ದರು. ಅವರು ಒಳ್ಳೆಯವರು, ಕಾನೆಯಿಏ ಜೊತೆ ಹೋಲಿಸುತ್ತಿಲ್ಲ. ಅವರು ಹೋದದ್ದು ನಮ್ಮ ಹೊಟ್ಟೆಗಾಗಿ. ಆದರೆ ಮನೆಯಲ್ಲಿ ಕಾಯುತ್ತಿದ್ದವಳು ಅಮ್ಮನೇ. ಅಮ್ಮ ಏಳನೇ ತರಗತಿಯ ತನಕ ಓದಿದ್ದಳು. ನನ್ನ ಹಳೆಯ ನೋಟ್ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುತ್ತಿದ್ದಳು. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು. ಕೆಲವು ದಿನ ಅಂಕಿಯ ಪಕ್ಕದಲ್ಲಿ ಒಂದೆರಡು ಸಾಲು ಇರುತ್ತಿತ್ತು. ನಾನು ಓದಿರಲಿಲ್ಲ, ಓದಬೇಕೆಂದು ಅನಿಸಿಯೂ ಇರಲಿಲ್ಲ. ಬಿ.ಇ. ಮುಗಿಸಿ ಕೆಲಸ ಸಿಕ್ಕ ವರ್ಷ ಮನೆಗೆ ಸುಣ್ಣ ಬಳಿಸಿದೆವು. ಅಟ್ಟದ ಮೇಲಿದ್ದ ಹಳೆಯ ಪುಸ್ತಕಗಳನ್ನೆಲ್ಲ ನಾನೇ ಕಟ್ಟು ಕಟ್ಟಿ ಗುಜರಿಯವನಿಗೆ ತೂಕಕ್ಕೆ ಹಾಕಿದೆ.

ಓಸಾಕಾದಿಂದ ಫೋನ್ ಮಾಡಿ, "ಅಮ್ಮ, ಹಾಲಿನ ಲೆಕ್ಕದ ಪಕ್ಕದಲ್ಲಿ ಏನು ಬರೆಯುತ್ತಿದ್ದೆ?" ಎಂದು ಕೇಳಿದೆ.

"ಯಾವಾಗ?"

"ನಾನು ಹೈಸ್ಕೂಲಿಗೆ ಹೋಗುವಾಗ."

"ಏನೋ ಬರೀತಿದ್ದೆ ಮಾರಾಯ. ಈಗ ಯಾಕೆ ಅದು? ಊಟ ಆಯ್ತಾ?" ಎಂದಳು.

ಅಮ್ಮ ಇವತ್ತು ಇಲ್ಲಿಯೇ ಕೂತಿದ್ದಾಳೆ. ಇದನ್ನು ಹೇಳುತ್ತೇನೆ ಎಂದು ಅವಳಿಗೆ ಹೇಳಿರಲಿಲ್ಲ. ಮನೆಗೆ ಹೋದ ಮೇಲೆ ಬೈಯಲಿ.

ಜಪಾನಿಗೆ ಹಿಂತಿರುಗುತ್ತೇನೆ. ಆ ಕಾಲದ ಗಂಡಸರೂ ಡೈರಿ ಬರೆಯುತ್ತಿದ್ದರು. ಕಾನೆಯಿಏ ಮತ್ತು ತೊಕಿಹಿಮೆಯ ಮಗ ಮಿಚಿನಾಗ ಬರೆದ ಡೈರಿ ಅವನದೇ ಕೈಬರಹದಲ್ಲಿ ಇಂದಿಗೂ ಉಳಿದಿದೆ, 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಪಂಚಾಂಗದ ಸುರುಳಿಯಲ್ಲಿ ದಿನಕ್ಕೆ ಎರಡು ಸಾಲಿನಷ್ಟು ಜಾಗ ಬಿಟ್ಟಿರುತ್ತಿದ್ದರು, ಅದರಲ್ಲಿ ಬರೆಯುವುದು. ಯಾವ ಸಮಾರಂಭ, ಯಾರು ಬಂದರು, ಯಾರು ಎಲ್ಲಿ ಕೂತರು, ಏನು ಉಡುಗೊರೆ. ಮುಂದೆ ಮಕ್ಕಳು ಮೊಮ್ಮಕ್ಕಳು ದರಬಾರಿನಲ್ಲಿ ತಪ್ಪು ಮಾಡಬಾರದು ಎಂದು ಇಟ್ಟ ದಾಖಲೆ. ನಮ್ಮ ಕಸುಬಿನ ಭಾಷೆಯಲ್ಲಿ ಅದು ಲಾಗ್ ಫೈಲ್. ಉಪಯುಕ್ತವಾದದ್ದೇ, ಇಲ್ಲವೆನ್ನುವುದಿಲ್ಲ.

ಗಂಡಸರು ಅದನ್ನು ಬರೆದದ್ದು ಚೀನೀ ಭಾಷೆಯಲ್ಲಿ. ಕಾನೂನು, ಶಾಸ್ತ್ರ, ಸರಕಾರ ಎಲ್ಲಕ್ಕೂ ಚೀನೀ. ತಮ್ಮ ಮನೆಯಲ್ಲಿ ಆಡುವ ಜಪಾನಿಯನ್ನು ಬರೆಯಲು ಚೀನೀ ಲಿಪಿಯನ್ನೇ ಸರಳಗೊಳಿಸಿ ಮಾಡಿಕೊಂಡ ಅಕ್ಷರಗಳಿದ್ದವು, ಕಾನ ಎಂದು ಹೆಸರು. ಅವಕ್ಕೆ 'ಹೆಂಗಸರ ಕೈ' ಎಂದೂ ಹೇಳುತ್ತಿದ್ದರು. ಗಂಡಸರು ಪ್ರೇಮಪತ್ರಕ್ಕೆ, ಕವಿತೆಗೆ ಮಾತ್ರ ಅದನ್ನು ಬಳಸುವರು. ಹೆಣ್ಣುಮಕ್ಕಳು ಚೀನೀ ಕಲಿಯುವುದು ಶೋಭೆಯಲ್ಲ ಎಂಬ ಭಾವನೆ ಇತ್ತು. ಕಿ ನೊ ತ್ಸುರಾಯುಕಿ ಎಂಬ ಕವಿಗೆ 935ರ ಸುಮಾರಿನಲ್ಲಿ ತನ್ನ ಒಂದು ಪ್ರಯಾಣದ ದಿನಚರಿಯನ್ನು ಜಪಾನಿಯಲ್ಲಿ ಬರೆಯಬೇಕು ಅನಿಸಿತು. ಅವನು ಪ್ರಾಂತದ ಗವರ್ನರ್ ಆಗಿದ್ದವನು, ದೊಡ್ಡ ಮನುಷ್ಯ. ಏನು ಮಾಡಿದ ಗೊತ್ತೇ, ಬರೆಯುತ್ತಿರುವವಳು ಒಬ್ಬ ಹೆಂಗಸು ಎಂದು ವೇಷ ಹಾಕಿ ಬರೆದ. ತನ್ನ ಭಾಷೆಯಲ್ಲಿ ತನ್ನ ದುಃಖ ಬರೆಯಲು ಆ ಗಂಡಸಿಗೆ ಸೀರೆ ಉಡಬೇಕಾಯಿತು.

ಮಿಚಿತ್ಸುನನ ತಾಯಿಗೆ ವೇಷದ ಅಗತ್ಯವಿರಲಿಲ್ಲ. ಜನ ಓದುತ್ತಿದ್ದ ಹಳೆಯ ಕಥೆಗಳೆಲ್ಲ ಬರೀ ಕಟ್ಟುಕಥೆ, ದೊಡ್ಡ ಮನೆಯಲ್ಲಿ ಮದುವೆಯಾದವಳ ಬಾಳು ನಿಜವಾಗಿ ಹೇಗಿರುತ್ತದೆ ಎಂದು ಕೇಳುವವರಿಗೆ ಇದು ಉತ್ತರವಾಗಲಿ ಎಂಬ ಅರ್ಥದ ಮಾತಿನಿಂದಲೇ ಅವಳು ಶುರುಮಾಡುತ್ತಾಳೆ. ಅವಳ ನಂತರ ಇನ್ನೂ ಹಲವರು ಬರೆದರು. 'ಗೆಂಜಿಯ ಕಥೆ' ಎಂಬ ಮಹಾ ಕಾದಂಬರಿ ಬರೆದ ಮುರಸಾಕಿ ಶಿಕಿಬು ಕೂಡ ಡೈರಿ ಬರೆದಿದ್ದಾಳೆ. ತಮ್ಮನಿಗೋ ಅಣ್ಣನಿಗೋ ಚೀನೀ ಪಾಠ ಹೇಳಿಕೊಡುವಾಗ ಪಕ್ಕದಲ್ಲಿ ಕೂತು ಕೇಳಿಯೇ ಅವನಿಗಿಂತ ಬೇಗ ಕಲಿತಳು. ಅಪ್ಪ ಮೆಚ್ಚಲಿಲ್ಲ, ನೀನು ಗಂಡಾಗಿ ಹುಟ್ಟಲಿಲ್ಲವಲ್ಲ, ನನ್ನ ದುರದೃಷ್ಟ ಎಂದು ನಿಟ್ಟುಸಿರು ಬಿಟ್ಟ. ಮುಂದೆ ಅರಮನೆಯಲ್ಲಿ, ತೆರೆಯ ಮೇಲೆ ಬರೆದ ಚೀನೀ ಅಕ್ಷರಗಳೂ ತನಗೆ ಬಾರದು ಎಂಬಂತೆ ನಟಿಸುತ್ತಿದ್ದಳಂತೆ. ಮಹಾರಾಣಿಗೆ ಗುಟ್ಟಾಗಿ ಚೀನೀ ಕಾವ್ಯ ಕಲಿಸಿದವಳೂ ಅವಳೇ. ಈ ಶಾಲೆಯ ಹೆಣ್ಣುಮಕ್ಕಳೇ, ನೀವು ಯಾರೂ ಹಾಗೆ ನಟಿಸಬೇಕಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಕಾಲೇಜಿಗೆ ಸೇರಿದ ಮೊದಲ ವರ್ಷ ನಾನು ಇದರ ತಿರುಗುಮುರುಗು ನಾಟಕ ಮಾಡಿದ್ದೆ, ಬಾರದ ಇಂಗ್ಲಿಷು ಬರುತ್ತದೆ ಎಂದು.

ನಮ್ಮ ನಾಡಿನಲ್ಲಿ ಆಗ ಏನಾಗುತ್ತಿತ್ತು ಎಂದು ಕನ್ನಡ ಪಂಡಿತರು ಕೇಳಬಹುದು. ಅದೇ ಕಾಲ, ಅದೇ ತಲೆಮಾರು. ಪಂಪ 941ರಲ್ಲಿ ಆದಿಪುರಾಣ ಮುಗಿಸಿದ್ದ. ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಅತ್ತಿಮಬ್ಬೆಯ ಆಶ್ರಯದಲ್ಲಿ. ಪೊನ್ನನ ಕಾವ್ಯಕ್ಕೆ ಸಾವಿರ ಪ್ರತಿ ಮಾಡಿಸಿದಳು ಎಂದು ಅವಳ ಕೀರ್ತಿ. ಅವಳೂ ಅವಳ ತಂಗಿಯೂ ಒಬ್ಬನನ್ನೇ ಮದುವೆಯಾಗಿದ್ದರು. ಗಂಡ ಸತ್ತಾಗ ತಂಗಿ ಸಹಗಮನ ಮಾಡಿದಳು, ಅಕ್ಕ ಮಗನಿಗಾಗಿ ಉಳಿದಳು. ಆ ರಾತ್ರಿ ಅತ್ತಿಮಬ್ಬೆಯ ಮನಸ್ಸಿನಲ್ಲಿ ಏನಿತ್ತು? ಅವಳ ಹೆಸರು ಶಾಸನದಲ್ಲಿದೆ, ಕಾವ್ಯದಲ್ಲಿದೆ, ಅವಳದೇ ಮಾತಿನ ಒಂದು ಸಾಲು ನಮ್ಮ ಹತ್ತಿರ ಇಲ್ಲ. ಕ್ಯೋಟೋದವಳದು ಮೂರು ಭಾಗದ ಪುಸ್ತಕವಿದೆ, ಹೆಸರಿಲ್ಲ.

ಅವಳು ಸೋತದ್ದು ಯಾಕೆ ಎಂಬುದಕ್ಕೆ ಪ್ರೀತಿ ಅಲ್ಲದೆ ಇನ್ನೊಂದು ಲೆಕ್ಕವೂ ಇದೆ, ಅದನ್ನೂ ಹೇಳಬೇಕು. ಮಗು ಬೆಳೆಯುವುದು ತಾಯಿಯ ಮನೆಯಲ್ಲಿ ಎಂದೆನಲ್ಲ, ಈ ಪದ್ಧತಿ ಅರಮನೆಗೂ ಅನ್ವಯಿಸುತ್ತಿತ್ತು. ರಾಣಿ ಹೆರಿಗೆಗೆ ತೌರಿಗೆ ಬರುತ್ತಾಳೆ. ಮಗಳನ್ನು ಚಕ್ರವರ್ತಿಗೆ ಕೊಟ್ಟವನು ಮುಂದಿನ ಚಕ್ರವರ್ತಿಗೆ ತಾತನಾಗುತ್ತಾನೆ. ಮೊಮ್ಮಗ ಎಳೆಯವನಿರುವಾಗಲೇ ಪಟ್ಟ ಕಟ್ಟಿಸಿದರೆ ರಾಜ್ಯ ತಾತನದು. ಫುಜಿವಾರದವರು ಯುದ್ಧ ಮಾಡದೆ ಆಳಿದ್ದು ಹೀಗೆ. 986ರಲ್ಲಿ ಕಾನೆಯಿಏಯ ಮೊಮ್ಮಗ ಚಕ್ರವರ್ತಿಯಾದ, ಕಾನೆಯಿಏ ರಾಜಪ್ರತಿನಿಧಿಯಾದ. ಆ ಮೊಮ್ಮಗನ ತಾಯಿ ತೊಕಿಹಿಮೆಯ ಮಗಳು. ತೊಕಿಹಿಮೆಗೆ ಮೂವರು ಗಂಡು, ಇಬ್ಬರು ಹೆಣ್ಣು. ಇವಳಿಗೆ ಒಬ್ಬನೇ ಗಂಡುಮಗ. ಗಂಡು ಹುಟ್ಟಲಿಲ್ಲ ಎಂದು ಸೊಸೆಯನ್ನು ಮೂದಲಿಸುವುದನ್ನು ನಾವು ಕಂಡಿದ್ದೇವೆ. ಅಲ್ಲಿ ಹೆಣ್ಣು ಹುಟ್ಟಲಿಲ್ಲ ಎಂಬುದು ಕೊರತೆ. ಕೊನೆಗೆ ಅವಳು, ಕಾನೆಯಿಏ ಎಂದೋ ಬಿಟ್ಟುಬಿಟ್ಟ ಮತ್ತೊಬ್ಬ ಹೆಂಗಸಿನ ಹನ್ನೆರಡು ಹದಿಮೂರು ವರ್ಷದ ಹುಡುಗಿಯನ್ನು ಕರೆತಂದು ತನ್ನ ಮಗಳಾಗಿ ಸಾಕಿಕೊಂಡಳು. ಆ ಹುಡುಗಿಯನ್ನು ತಂದೆ ಮೊದಲ ಸಲ ನೋಡುವ ಪ್ರಸಂಗ ಡೈರಿಯಲ್ಲಿ ಬಹಳ ಚೆನ್ನಾಗಿದೆ, ಸಮಯವಿಲ್ಲ.

ಸುಖದ ಪ್ರಸಂಗಗಳೂ ಇವೆ. 966ರಲ್ಲಿ ಅವನು ಕಾಯಿಲೆ ಬಿದ್ದು ತನ್ನ ಮನೆಯಲ್ಲಿದ್ದಾಗ ಅವಳನ್ನು ಗುಟ್ಟಾಗಿ ಕರೆಸಿಕೊಂಡ. ಹೆಂಡತಿ ಗಂಡನ ಮನೆಗೆ ಹೋಗುವುದು ಅಪರೂಪ, ರಾತ್ರಿ ಗಾಡಿಯಲ್ಲಿ ಹೋದಳು. ನೀನು ಬಂದ ಮೇಲೆ ಜೊತೆಗೆ ತಿನ್ನೋಣ ಎಂದು ಅವನು ಮೀನು ಮುಟ್ಟದೆ ಕಾದಿದ್ದ. ಬೆಳಕಾಗುವ ಮೊದಲು ಹೊರಡುತ್ತೇನೆ ಎಂದರೆ ಬಿಡಲಿಲ್ಲ. ಬೆಳಗಾದ ಮೇಲೆ ಕಿಟಕಿ ತೆರೆಸಿ ಇಬ್ಬರೂ ಅಂಗಳ ನೋಡಿದರು. ಆದರೆ ಅದೇ ವರ್ಷ ಇಬ್ಬರಿಗೂ ಜಗಳವಾಗಿ ಅವನು ಎದ್ದು ಹೋದ. ಐದಾರು ದಿನ ಸುದ್ದಿ ಇಲ್ಲ. ಹೋದ ದಿನ ಅವನು ತಲೆ ಬಾಚಲು ಬಳಸಿದ ನೀರಿನ ಬಟ್ಟಲು ಹಾಗೆಯೇ ಇತ್ತು. ನೋಡಿದಳು, ನೀರಿನ ಮೇಲೆ ಧೂಳು ಕೂತಿತ್ತು. ನನ್ನ ಕೆಲಸದಲ್ಲಿ ಸಮಯವನ್ನು ಮಿಲಿಸೆಕೆಂಡಿನಲ್ಲಿ ಅಳೆಯುತ್ತೇವೆ. ಸಮಯದ ಇಷ್ಟು ನಿಖರವಾದ ಅಳತೆ ನಾನು ಬೇರೆ ಕಂಡಿಲ್ಲ.

971ರಲ್ಲಿ ಸಾಕಾಗಿ ಹೋಗಿ, ಊರಾಚೆ ಬೆಟ್ಟದ ನರುತಾಕಿಯ ಒಂದು ಬೌದ್ಧ ಗುಡಿಗೆ ಹೋಗಿಬಿಟ್ಟಳು. ಕಾನೆಯಿಏ ಕರೆಯಲು ಬಂದ. ಆದರೆ ಆಗ ಅವನಿಗೆ ಮೈಲಿಗೆಯ ನಿಷೇಧವಿತ್ತು, ಗಾಡಿಯಿಂದ ಇಳಿಯುವಂತಿಲ್ಲ. ಅವಳು ಮೆಟ್ಟಿಲು ಇಳಿಯುವುದಿಲ್ಲ. ಮಧ್ಯೆ ಹದಿನೇಳರ ಮಗ ಮಿಚಿತ್ಸುನ ಅಪ್ಪನ ಮಾತು ಅಮ್ಮನಿಗೆ, ಅಮ್ಮನ ಮಾತು ಅಪ್ಪನಿಗೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಇಳಿದು ಸುಸ್ತಾದ. ಇಂಥ ಮಕ್ಕಳನ್ನೂ ನಾವು ನೋಡಿದ್ದೇವೆ. ಕೊನೆಗೆ ಅವಳು ವಾಪಸು ಬಂದಳು, ಸನ್ಯಾಸಿನಿ ಆಗಲಿಲ್ಲ. ಜಪಾನಿಯಲ್ಲಿ 'ಅಮಗಾಯೆರು' ಎಂದರೆ ಮಳೆಕಪ್ಪೆ, 'ಮರಳಿದ ಸನ್ಯಾಸಿನಿ' ಎಂದೂ ಆಗುತ್ತದೆ. ಗಂಡ ಅವಳಿಗೆ ಆ ಅಡ್ಡಹೆಸರಿಟ್ಟು ನಗಾಡಿದ. ಅವಳು ಅದನ್ನೂ ಬರೆದಿಟ್ಟಿದ್ದಾಳೆ.

ಆಮೇಲೆ ಅವನ ಬರುವಿಕೆ ಕಡಿಮೆಯಾಗುತ್ತ ಹೋಯಿತು. ಅವನು ಕಟ್ಟಿಸಿದ ಹೊಸ ದೊಡ್ಡ ಮನೆಗೆ ತೊಕಿಹಿಮೆ ಹೋದಳು, ಇವಳಿಗೆ ಕರೆ ಬರಲಿಲ್ಲ. ಇವಳು ಊರಿನ ಅಂಚಿನಲ್ಲಿದ್ದ ತಂದೆಯ ಮನೆಗೆ ಹೋದಳು. 974ರ ಕೊನೆಯ ರಾತ್ರಿ, ಹೊಸ ವರ್ಷದ ಹಿಂದಿನ ರಾತ್ರಿ, ಡೈರಿಯ ಕೊನೆಯ ವಾಕ್ಯದಲ್ಲಿ ಒಂದು ಸದ್ದು ಬರುತ್ತದೆ. ಊರಿನ ಕೊನೆಯ ಮನೆಯಾದ್ದರಿಂದ ಬಹಳ ತಡವಾಗಿ, ಯಾರೋ ಬಾಗಿಲು ಬಡಿಯುತ್ತ ಬರುತ್ತಿದ್ದಾರೆ. ಯಾರು ಎಂದು ಅವಳು ಹೇಳುವುದಿಲ್ಲ. ತೆರೆದಳೋ ಇಲ್ಲವೋ ಅದೂ ಇಲ್ಲ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಅದಾದ ಮೇಲೆ ಇಪ್ಪತ್ತು ವರ್ಷ ಬದುಕಿದ್ದಳು.

ಹೊಸ ವರ್ಷಕ್ಕೆ ಓಸಾಕಾದ ಒಬ್ಬ ಸಹೋದ್ಯೋಗಿ ನನ್ನನ್ನು ಮನೆಗೆ ಕರೆದಿದ್ದರು. ಅಲ್ಲಿ ಮಕ್ಕಳು ಹೊಸ ವರ್ಷಕ್ಕೆ ಒಂದು ಎಲೆಯಾಟ ಆಡುತ್ತಾರೆ. ನೂರು ಕವಿಗಳ ನೂರು ಕವಿತೆ, ಒಬ್ಬರು ಓದಲು ಶುರುಮಾಡಿದ ಕೂಡಲೇ ಅದರ ಕೊನೆಯ ಸಾಲುಗಳಿರುವ ಎಲೆಯನ್ನು ಹುಡುಕಿ ಕೈಯಿಂದ ಬಡಿದು ತೆಗೆಯಬೇಕು. ಐವತ್ತಮೂರನೆಯದು ಬಾಗಿಲು ತೆರೆಯದ ಆ ರಾತ್ರಿಯ ಕವಿತೆ. ಅವರ ಮಗಳು ಏಳನೇ ತರಗತಿಯಲ್ಲಿ ಓದುತ್ತಿದ್ದಳು. ಓದುವವರು ಎರಡು ಶಬ್ದ ಹೇಳುವ ಮೊದಲೇ ಚಾಪೆಯ ಮೇಲೆ ಪಟ್ ಎಂದು ಬಡಿದು ಆ ಎಲೆ ಗೆದ್ದುಕೊಂಡಳು. ನಾನು ನನ್ನ ಅರೆಬರೆ ಜಪಾನಿಯಲ್ಲಿ, "ಇದು ಬರೆದವರು ಯಾರು ಗೊತ್ತೇ?" ಎಂದು ಕೇಳಿದೆ.

"ಮಿಚಿತ್ಸುನನ ತಾಯಿ" ಎಂದಳು.

"ಅದಲ್ಲ, ಅವಳ ಹೆಸರು?"

ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅದೇ ಹೆಸರು" ಎಂದು ಹೇಳಿ ಮುಂದಿನ ಎಲೆಗೆ ಕೈ ಸಿದ್ಧಮಾಡಿಕೊಂಡಳು.